ಮಕ್ಕಳು, ಮನೆಗಳ ಬಗ್ಗೆ ಫೀಲ್ಡ್‌ವರ್ಕ್ ಮಾಡೋದು ಹೇಗೆ? ಬೆಂಗಳೂರಿನ ವಿದ್ಯಾರ್ಥಿಗಳಿಗೆ ಹಂತ ಹಂತವಾಗಿ

ಡಿಸರ್ಟೇಶನ್ ಕೊಡುವ ದಿನ ಹತ್ತಿರ ಬಂತೆಂದರೆ ನನಗೆ ಬರುವ ಮೆಸೇಜುಗಳೆಲ್ಲ ಒಂದೇ ಥರ. "ಮೇಡಂ, ಮಕ್ಕಳ ಮೇಲೆ ಮೊಬೈಲಿನ ಪರಿಣಾಮ ಅಂತ ಟಾಪಿಕ್ ತಗೊಂಡಿದೀನಿ, ನೂರು ಜನರ ಹತ್ತಿರ ಗೂಗಲ್ ಫಾರ್ಮ್ ತುಂಬಿಸಿದ್ರೆ ಸಾಕಾ?" ಸಾಕಾಗುವುದಿಲ್ಲ. ಯಾಕೆ ಅಂತ ಒಬ್ಬೊಬ್ಬರಿಗೂ ಬರೆದು ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಎಂಎಸ್‌ಡಬ್ಲ್ಯೂ, ಸಮಾಜಶಾಸ್ತ್ರದ ಎಂಎ, ಬಿಎಡ್ ಮಾಡುವವರಿಗೆ ಮತ್ತು ಏರಿಯಾದ ಸಂಘ ಸಂಸ್ಥೆಗಳಲ್ಲಿ ಚಿಕ್ಕ ಸರ್ವೆ ಮಾಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಎರಡು ನೋಟ್‌ಬುಕ್, ಕಾಲೇಜಿನ ಐಡಿ ಕಾರ್ಡ್, ಗೈಡ್ ಸಹಿ ಮಾಡಿದ ಕನ್ನಡದ ಪತ್ರ, ಬಸ್ ಪಾಸ್, ಒಂದು ಹಿಡಿ ಹುಣಸೆ ಬೀಜ (ಯಾಕೆ ಅಂತ ಆಮೇಲೆ ಹೇಳುತ್ತೇನೆ), ಮತ್ತೆ ಕಡಿಮೆ ಅಂದರೂ ಮೂರು ತಿಂಗಳು. ಮೂರು ವಾರ ಇಟ್ಟುಕೊಂಡು ಮಕ್ಕಳ ಬಗ್ಗೆ ಫೀಲ್ಡ್‌ವರ್ಕ್ ಮಾಡುತ್ತೇನೆ ಅನ್ನುವವರು ದಯವಿಟ್ಟು ಬೇರೆ ವಿಷಯ ತೆಗೆದುಕೊಳ್ಳಿ.

1. ಪ್ರಶ್ನೆಯನ್ನು ಕುಗ್ಗಿಸಿ

"ಪರಿಣಾಮ" ಅನ್ನುವ ಪದ ಕಂಡರೆ ಅಲ್ಲೇ ನಿಲ್ಲಿ. ಮೊಬೈಲಿನಿಂದಲೇ ಹೀಗಾಯಿತು ಅಂತ ತೋರಿಸಬೇಕಾದರೆ ಮೊಬೈಲ್ ಬರುವ ಮೊದಲು ಆ ಮಗು ಹೇಗಿತ್ತು ಅಂತ ಗೊತ್ತಿರಬೇಕು, ಮೊಬೈಲ್ ಸಿಗದ ಅಂಥದ್ದೇ ಮಕ್ಕಳ ಜೊತೆ ಹೋಲಿಸಿ ನೋಡಬೇಕು. ಒಂದು ಸಲ ಹೋಗಿ ಕೇಳಿಕೊಂಡು ಬಂದರೆ ಅದು ಸಿಗುವುದಿಲ್ಲ. "ಏನು ನಡೆಯುತ್ತಿದೆ" ಅನ್ನುವುದನ್ನು ಕೇಳಿ, ಅದೇ ಬೇಕಾದಷ್ಟಾಯಿತು.

ಒಂದು ಉದಾಹರಣೆ ಹಿಡಿದುಕೊಂಡು ಕೊನೆವರೆಗೂ ಹೋಗೋಣ. ಪೀಣ್ಯದ ಸುತ್ತ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ 8ರಿಂದ 12 ವರ್ಷದ ಮಕ್ಕಳು, ಶಾಲೆ ಬಿಟ್ಟ ಮೇಲೆ ಅಮ್ಮ ಮನೆಗೆ ಬರುವವರೆಗೆ ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ? ನೋಡಿ, ಜಾಗ ಇದೆ, ವಯಸ್ಸು ಇದೆ, ಹೊತ್ತು ಇದೆ. ಇದನ್ನು ಹೋಗಿ ಕೇಳಬಹುದು.

ವಯಸ್ಸಿನ ವಿಷಯದಲ್ಲಿ ಎಡವಬೇಡಿ. "ಮಕ್ಕಳು" ಅಂದರೆ ಯಾರು ಅಂತ ಒಂದೊಂದು ಕಾನೂನು ಒಂದೊಂದು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 6ರಿಂದ 14 ವರ್ಷ. 2015ರ ಬಾಲನ್ಯಾಯ ಕಾಯ್ದೆಗೂ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಗೂ 18 ತುಂಬದವರೆಲ್ಲ ಮಕ್ಕಳೇ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14ರಿಂದ 18ರವರು "ಕಿಶೋರರು" ಅಂತ ಬೇರೆ ಗುಂಪು. 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29ರವರನ್ನು ಯುವಜನ ಅನ್ನುತ್ತದೆ. ಅಂದರೆ 16ರ ಹುಡುಗ ಒಂದು ಕಡೆ ಮಗು, ಇನ್ನೊಂದು ಕಡೆ ಯುವಕ. ನೀವು ಯಾವುದನ್ನು ಹಿಡಿದಿದ್ದೀರಿ ಅಂತ ಮೊದಲ ಪುಟದಲ್ಲೇ ಬರೆದುಬಿಡಿ.

2. ಈಗಾಗಲೇ ಇರುವ ಅಂಕಿ ಅಂಶ ನೋಡಿ

ಇದನ್ನು ಬೇಗ ಮುಗಿಸಬಹುದು, ಆದರೆ ಇಲ್ಲೂ ಗುಂಡಿಗಳಿವೆ. ಮಕ್ಕಳ ಓದು, ಲೆಕ್ಕದ ಬಗ್ಗೆ ಎಲ್ಲರೂ ತಂದು ಹಾಕುವುದು 2005ರಲ್ಲಿ ಶುರುವಾದ ಅಸರ್ ವರದಿಯನ್ನು. ಅದು ಗ್ರಾಮೀಣ ಭಾರತದ ಸರ್ವೆ. ಪೀಣ್ಯದ ಮಕ್ಕಳ ಬಗ್ಗೆ ಅದರಿಂದ ಏನೂ ಹೇಳಲಾಗುವುದಿಲ್ಲ. ಆರೋಗ್ಯ, ಪೌಷ್ಟಿಕತೆ, ಮದುವೆಯ ವಯಸ್ಸು ಇಂಥವಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಹಾಳೆಯೇ ಬೇರೆ ಸಿಗುತ್ತದೆ. ದಿನದಲ್ಲಿ ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆ ಅನ್ನುವುದಕ್ಕೆ 2019ರ ಸಮಯ ಬಳಕೆ ಸಮೀಕ್ಷೆ ಇದೆ. ಅದರಲ್ಲಿ 6 ವರ್ಷ ಮೇಲ್ಪಟ್ಟ ಮಕ್ಕಳೂ ಸೇರಿದ್ದಾರೆ. ನಮ್ಮ ಉದಾಹರಣೆಗೆ ಇದೇ ಹತ್ತಿರದ್ದು.

ಜನಗಣತಿಯ ವಾರ್ಡ್‌ವಾರು ಅಂಕಿ ಬಳಸುವವರು ಹುಷಾರು. 2011ರ ಅಂಕಿಗಳು ಆಗಿನ 198 ವಾರ್ಡ್‌ಗಳ ಲೆಕ್ಕದವು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಗಡಿಗಳೂ ಬದಲಾದವು. ಹಳೆ ವಾರ್ಡಿನ ಜನಸಂಖ್ಯೆಯನ್ನು ಹೊಸ ವಾರ್ಡಿನ ಹೆಸರಿನ ಮುಂದೆ ಬರೆದು ಸಿಕ್ಕಿಬೀಳಬೇಡಿ.

ಓದುವುದಕ್ಕೆ ನಾಗರಬಾವಿಯ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಒಳ್ಳೆಯ ಜಾಗ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ಗೈಡ್‌ನಿಂದ ಒಂದು ಪತ್ರ ಬರೆಸಿಕೊಂಡು ಅಲ್ಲಿನ ಲೈಬ್ರರಿಯಲ್ಲಿ ಕೇಳಿ ನೋಡಿ.

3. ಅನುಮತಿ ಒಂದು, ಒಪ್ಪಿಗೆ ಇನ್ನೊಂದು

ಇವೆರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಅನುಮತಿ ಕೊಡುವುದು ಕಚೇರಿ. ಒಪ್ಪಿಗೆ ಕೊಡುವುದು ಮನುಷ್ಯರು.

ಮೊದಲು ನಿಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ, ಅಂದರೆ ನಿಮ್ಮ ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದು ಅಂತ ನೋಡುವ ಸಮಿತಿ. ಅದಿಲ್ಲದ ಕಾಲೇಜಾದರೆ ವಿಭಾಗದ ಮುಖ್ಯಸ್ಥರಿಂದ ಲಿಖಿತವಾಗಿ ಪಡೆಯಿರಿ. ಸರ್ಕಾರಿ ಶಾಲೆಯೊಳಗೆ ಹೋಗಬೇಕಾದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ, ಆಮೇಲೆ ಮುಖ್ಯ ಶಿಕ್ಷಕರು. ಅಂಗನವಾಡಿಯಾದರೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ. ಪತ್ರ ಕೊಟ್ಟ ದಿನವೇ ಕೈಗೆ ಉತ್ತರ ಬರುವುದಿಲ್ಲ. ಫೈಲ್ ಹಿಂದೆ ಎರಡು ಮೂರು ಸಲ ಓಡಾಡಬೇಕಾಗುತ್ತದೆ, ಅದನ್ನೂ ನಿಮ್ಮ ಮೂರು ತಿಂಗಳಲ್ಲಿ ಸೇರಿಸಿಕೊಳ್ಳಿ. ಮಾರ್ಚ್‌ನಲ್ಲಿ ಪರೀಕ್ಷೆ, ಅಕ್ಟೋಬರ್‌ನಲ್ಲಿ ದಸರಾ ರಜೆ. ಆ ಹೊತ್ತಿಗೆ ಶಾಲೆ ಕಡೆ ಹೋಗಲೇಬೇಡಿ.

ಇನ್ನು ಒಪ್ಪಿಗೆ. ಮಗುವಿನ ಜೊತೆ ಮಾತಾಡಬೇಕಾದರೆ ಎರಡು ಒಪ್ಪಿಗೆ ಬೇಕು. ಅಪ್ಪ ಅಮ್ಮ ಕೊಡುವುದು ಒಂದು, ಮಗು ತಾನೇ ಕೊಡುವುದು ಇನ್ನೊಂದು. ಮಗುವಿನ ಒಪ್ಪಿಗೆಗೆ ಅಸೆಂಟ್ ಅನ್ನುತ್ತಾರೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ 7ರಿಂದ 12 ವರ್ಷದ ಮಕ್ಕಳು ಪೋಷಕರ ಮುಂದೆ ಬಾಯಿ ಮಾತಿನಲ್ಲಿ ಒಪ್ಪಿದರೆ ಸಾಕು, 12 ದಾಟಿದ ಮೇಲೆ ಬರೆಸಿಕೊಳ್ಳಬೇಕು. ಆ ಮಾರ್ಗಸೂಚಿ ಆರೋಗ್ಯ ಸಂಶೋಧನೆಗೆ ಮಾಡಿದ್ದು. ಆದರೂ ನೀವೂ ಅದನ್ನೇ ಅನುಸರಿಸಿ, ನಷ್ಟವಿಲ್ಲ.

ಮುಖ್ಯ ಶಿಕ್ಷಕರು "ಎಲ್ಲರೂ ಕೈ ಎತ್ತಿ, ಅಕ್ಕ ಕೇಳಿದ್ದಕ್ಕೆ ಉತ್ತರ ಕೊಡ್ತೀರಾ ತಾನೇ?" ಅಂತ ಕೇಳಿ, ನಲವತ್ತು ಕೈ ಒಟ್ಟಿಗೆ ಮೇಲೆ ಹೋದರೆ ಅದು ಒಪ್ಪಿಗೆಯಲ್ಲ. ಒಬ್ಬೊಬ್ಬರನ್ನೇ ಕೇಳಬೇಕು. ಹೇಳಬೇಕಾದ್ದು ಇಷ್ಟೇ: "ಇದು ಪರೀಕ್ಷೆ ಅಲ್ಲ, ಇದರಲ್ಲಿ ತಪ್ಪು ಸರಿ ಇಲ್ಲ. ಇಷ್ಟ ಇಲ್ಲ ಅಂದ್ರೆ ಬೇಡ ಅನ್ನು, ಯಾರೂ ಬೈಯಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದ್ರೆ ಎದ್ದು ಹೋಗು." ಮಗು ಬಾಯಲ್ಲಿ ಹೂಂ ಅಂದು, ಕಾಲು ಬೆರಳು ನೋಡುತ್ತಾ ಕೂತರೆ ಅದು ಬೇಡ ಅಂತಲೇ. ಬಿಟ್ಟುಬಿಡಿ.

ಮೊದಲೇ ಚಾಕೊಲೇಟ್ ಹಂಚುವುದೂ ತಪ್ಪು. ತಿಂದ ಮೇಲೆ ಬೇಡ ಅನ್ನುವುದಕ್ಕೆ ಮಗುವಿಗೆ ಬಾಯಿ ಬರುವುದಿಲ್ಲ.

4. ಮಗು ಭಯಪಡುವಂಥದ್ದೇನಾದರೂ ಹೇಳಿದರೆ?

ಇದನ್ನು ಫೀಲ್ಡ್‌ಗೆ ಹೋಗುವ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಅಲ್ಲಿ ನಿಂತು ಯೋಚಿಸುವ ವಿಷಯ ಅಲ್ಲ.

ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಿದ್ಯಾರ್ಥಿ ಅಂತ ನಿಮಗೆ ರಿಯಾಯಿತಿ ಇಲ್ಲ. ಹಾಗಾಗಿ "ನೀನು ಹೇಳಿದ್ದು ಯಾರಿಗೂ ಹೇಳಲ್ಲ" ಅಂತ ಮಗುವಿಗೆ ಮಾತು ಕೊಡಬೇಡಿ. "ನೀನು ಹೇಳಿದ್ದು ನನ್ನ ಹತ್ತಿರ ಇರುತ್ತೆ. ಆದ್ರೆ ಯಾರಾದ್ರೂ ನಿನಗೆ ತೊಂದ್ರೆ ಕೊಡ್ತಿದ್ರೆ ಮಾತ್ರ ಸಹಾಯ ಮಾಡೋರಿಗೆ ಹೇಳ್ತೀನಿ" ಅನ್ನಿ. ಒಪ್ಪಿಗೆಯ ಕಾಗದದಲ್ಲೂ ಇದೇ ವಾಕ್ಯ ಇರಲಿ.

ಅಂಥ ಮಾತು ಬಂದರೆ ಕೆದಕಬೇಡಿ, ಪೂರ್ತಿ ಕಥೆ ಹೇಳಿಸಬೇಡಿ. ಕೇಳಿಸಿಕೊಳ್ಳಿ, ನಂಬಿದ್ದೇನೆ ಅಂತ ಹೇಳಿ, ಅದೇ ದಿನ ಗೈಡ್‌ಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ. ಆ ನಂಬರ್ ನಿಮ್ಮ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿರಲಿ.

16-17 ವರ್ಷದವರ ಪ್ರೀತಿ ಪ್ರೇಮದ ಬಗ್ಗೆ ಕೇಳಬೇಕು ಅಂದುಕೊಂಡವರಿಗೆ ಒಂದು ಮಾತು. 18 ತುಂಬದವರ ವಿಷಯದಲ್ಲಿ ಇಬ್ಬರೂ ಒಪ್ಪಿದ್ದರು ಅನ್ನುವುದನ್ನು ಪೋಕ್ಸೋ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಸುಮ್ನೆ ಕುತೂಹಲಕ್ಕೆ ಕೇಳಿದ ಒಂದು ಪ್ರಶ್ನೆ ಒಬ್ಬ ಹುಡುಗನ ಮೇಲೆ ಕೇಸ್ ಆಗುವವರೆಗೂ ಹೋಗಬಹುದು. ಆ ವಿಷಯವೇ ಬೇಕಿದ್ದರೆ 18 ದಾಟಿದವರನ್ನು ಕೇಳಿ.

5. ಯಾರ ಮನೆಗೆ ಹೋಗುವುದು?

ನೀವು ಆರಿಸಿಕೊಳ್ಳುವ ಸ್ವಲ್ಪ ಜನರಿಗೆ ಸ್ಯಾಂಪಲ್ ಅನ್ನುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುವುದಿಲ್ಲವಾ, ಹಾಗೆ. ಆದರೆ ಬೀದಿಯನ್ನು ಯಾರೂ ಕಲಸಿಟ್ಟಿಲ್ಲ, ತೊಂದರೆ ಇರುವುದೇ ಅಲ್ಲಿ.

384 ಜನ ಬೇಕು ಅಂತ ಎಲ್ಲೋ ಓದಿ ಗಾಬರಿಯಾಗುವವರಿದ್ದಾರೆ. ಆ ಸಂಖ್ಯೆ ಬರುವುದು, ದೊಡ್ಡ ಜನಸಂಖ್ಯೆಯಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ, ಉತ್ತರ 5 ಶೇಕಡಾ ಆಚೆ ಈಚೆ ಆದರೂ ಪರವಾಗಿಲ್ಲ ಅನ್ನುವ ಲೆಕ್ಕದಿಂದ. ಸ್ನೇಹಿತರ ಬೀದಿಯಲ್ಲೇ 384 ಜನರನ್ನು ಹಿಡಿದರೆ ಅದು ಸ್ನೇಹಿತರ ಬೀದಿಯ ವರದಿ ಆಗುತ್ತದೆ ಅಷ್ಟೇ. ಒಬ್ಬರೇ ಮಾಡುವ ಡಿಸರ್ಟೇಶನ್‌ಗೆ ಸರಿಯಾಗಿ ಆರಿಸಿದ 30 ಮನೆ ಸಾಕು ಅಂತ ನನ್ನ ಅಭಿಪ್ರಾಯ.

ಹೀಗೆ ಮಾಡಿ. ಬೀದಿ ಸುತ್ತಿ ಮನೆಗಳನ್ನು ಎಣಿಸಿ. 240 ಮನೆ ಇದೆ, ನಿಮಗೆ 30 ಬೇಕು. ಪ್ರತಿ 8ನೇ ಮನೆ. ಎಲ್ಲಿಂದ ಶುರು ಅನ್ನುವುದಕ್ಕೆ 1ರಿಂದ 8ರವರೆಗೆ ಚೀಟಿ ಎತ್ತಿ. ನಿಮಗೆ ಬೇಕಾದಂಥ ಮಗು ಆ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆ.

ಬೀಗ ಹಾಕಿದ್ದರೆ? ಎಲ್ಲರೂ ಜಾರುವುದು ಇಲ್ಲೇ. ಬೀಗ ಕಂಡ ತಕ್ಷಣ ಪಕ್ಕದ ಮನೆಗೆ ಹೋಗಿಬಿಡುತ್ತಾರೆ. ನೀವು ಹುಡುಕುತ್ತಿರುವುದೇ ಅಮ್ಮ ಕೆಲಸಕ್ಕೆ ಹೋಗುವ ಮನೆಯನ್ನು ತಾನೇ? ಬೀಗ ಇರುವುದು ಅಂಥ ಮನೆಗೇ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ ನೋಡಿ, ಆಮೇಲೆ ಬಿಡಿ. ಗೂಗಲ್ ಫಾರ್ಮ್ ಬೇಡ ಅನ್ನುವುದಕ್ಕೂ ಇದೇ ಕಾರಣ. ಸ್ಮಾರ್ಟ್‌ಫೋನ್ ಇರುವವರು, ಓದು ಬಲ್ಲವರು, ಬಿಡುವಿರುವವರು ಮಾತ್ರ ಅದನ್ನು ತುಂಬುತ್ತಾರೆ.

ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ಅಲ್ಲೂ ಚೀಟಿ ಎತ್ತಿ. ಇಲ್ಲದಿದ್ದರೆ "ಇವನು ಚೆನ್ನಾಗಿ ಮಾತಾಡ್ತಾನೆ, ಇವನನ್ನೇ ಕೇಳಿ" ಅಂತ ಚುರುಕಾದ ಮಗುವನ್ನೇ ಮುಂದೆ ತಳ್ಳುತ್ತಾರೆ.

6. ಪ್ರಶ್ನೆ ಬರೆಯುವುದು: "ನಿನ್ನೆ"ಯನ್ನು ಹಿಡಿಯಿರಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. "ಸಾಮಾನ್ಯವಾಗಿ" ಅನ್ನುವ ಪದವನ್ನು ಪ್ರಶ್ನೆಪಟ್ಟಿಯಿಂದ ಹೊಡೆದುಹಾಕಿ. "ಸಾಮಾನ್ಯವಾಗಿ ಮಗು ಎಷ್ಟು ಗಂಟೆ ಓದುತ್ತದೆ?" ಅಂದರೆ ಅಮ್ಮ ಎಷ್ಟು ಓದಬೇಕು ಅಂದುಕೊಂಡಿದ್ದಾರೋ ಅದನ್ನು ಹೇಳುತ್ತಾರೆ. "ನಿನ್ನೆ ಸ್ಕೂಲಿಂದ ಬಂದ ಮೇಲೆ ಮೊದಲು ಏನು ಮಾಡಿದೆ? ಆಮೇಲೆ?" ಅಂತ ಮಗುವನ್ನೇ ಕೇಳಿ. ನಿನ್ನೆ ಶನಿವಾರವೋ ಭಾನುವಾರವೋ ಆಗಿದ್ದರೆ ಶುಕ್ರವಾರದ ಬಗ್ಗೆ ಕೇಳಿ.

ನಾನು ಓದುವಾಗ "ನಿಮ್ಮ ಮಕ್ಕಳು ಕೆಲಸ ಮಾಡುತ್ತಾರಾ?" ಅಂತ ಒಂದು ಪ್ರಶ್ನೆ ಇಟ್ಟಿದ್ದೆ. ಒಬ್ಬರೂ ಹೌದು ಅನ್ನಲಿಲ್ಲ. ಅದೇ ಮನೆಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ನಿನ್ನೆಯ ದಿನ ಹೇಳಿಸಿದಾಗ ನೀರು ಹಿಡಿದಿದ್ದು, ಅಕ್ಕಿ ತೊಳೆದಿಟ್ಟಿದ್ದು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ಅಂಗಡಿಗೆ ಹೋಗಿದ್ದು ಎಲ್ಲ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಅದನ್ನು ಅವರು ಕೆಲಸ ಅಂತ ಕರೆಯುತ್ತಿರಲಿಲ್ಲ, ಅಷ್ಟೇ.

ಇನ್ನು ಕೆಲವು ತಪ್ಪುಗಳು, ಪ್ರತಿ ಪ್ರಶ್ನೆಪಟ್ಟಿಯಲ್ಲೂ ನೋಡುತ್ತೇನೆ. "ಮಗು ಟಿವಿ ಮತ್ತು ಮೊಬೈಲ್ ಎಷ್ಟು ನೋಡುತ್ತದೆ?" ಅನ್ನುವುದು ಎರಡು ಪ್ರಶ್ನೆ. "ಮೊಬೈಲಿನಿಂದ ಮಕ್ಕಳು ಹಾಳಾಗುತ್ತಿದ್ದಾರೆ ಎಂದು ನಿಮಗೆ ಅನಿಸುತ್ತದೆಯೇ?" ಅನ್ನುವುದರಲ್ಲಿ ಉತ್ತರವೂ ನಿಮ್ಮದೇ. "ಕುಟುಂಬದ ಮಾಸಿಕ ಆದಾಯದ ಮೂಲಗಳಾವುವು?" ಅಂತ ಪುಸ್ತಕದ ಭಾಷೆಯಲ್ಲಿ ಕೇಳಿದರೆ ಎದುರಿಗಿರುವವರು ಸರ್ಕಾರದವರು ಬಂದರು ಅಂತ ಸೆಟೆದು ಕೂರುತ್ತಾರೆ. "ಮನೇಲಿ ಯಾರ್ಯಾರು ದುಡೀತಾರೆ? ಪಿಎಫ್, ಇಎಸ್‌ಐ ಕಟ್ ಆಗಿ ಹೋದ ತಿಂಗಳು ಕೈಗೆ ಎಷ್ಟು ಬಂತು?" ಅನ್ನಿ.

"ಕುಟುಂಬದಲ್ಲಿ ಎಷ್ಟು ಜನ?" ಅನ್ನುವ ಸುಲಭದ ಪ್ರಶ್ನೆಯೇ ಬೆಂಗಳೂರಿನಲ್ಲಿ ಕೈ ಕೊಡುತ್ತದೆ. ಜನಗಣತಿಯವರು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಮನೆ ಅಂತ ಎಣಿಸುತ್ತಾರೆ. ನೀವೂ ಅದನ್ನೇ ಹಿಡಿಯಿರಿ. ಆದರೆ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಒಂದು ಮಗು ಇಲ್ಲಿ ಶೆಡ್ಡಿನಲ್ಲಿರುತ್ತದೆ, ಇನ್ನೆರಡು ಊರಿನಲ್ಲಿ ಅಜ್ಜಿ ಹತ್ತಿರ. ಒಲೆಯ ಲೆಕ್ಕದಲ್ಲಿ ಆ ಇಬ್ಬರು ಕಾಣಿಸುವುದೇ ಇಲ್ಲ. "ಊರಲ್ಲಿ ಬಿಟ್ಟು ಬಂದಿರೋ ಮಕ್ಕಳಿದ್ದಾರಾ?" ಅಂತ ಬೇರೆ ಪ್ರಶ್ನೆ ಇರಲಿ. ಅವರ ಹತ್ತಿರ "ಸ್ಕೂಲು" ಅನ್ನುವ ಬದಲು "ಸಾಲಿ" ಅಂದರೆ ಮಾತು ಬೇಗ ಹತ್ತುತ್ತದೆ, ಆದರೆ ಬಾರದ ಭಾಷೆಯನ್ನು ನಾಟಕ ಮಾಡಲು ಹೋಗಬೇಡಿ.

ತಮಿಳು, ತೆಲುಗು, ಉರ್ದು ಮನೆಗಳೂ ಸಿಗುತ್ತವೆ. ಪ್ರಶ್ನೆಯನ್ನು ಒಬ್ಬರಿಂದ ಆ ಭಾಷೆಗೆ ಹಾಕಿಸಿ, ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಕನ್ನಡಕ್ಕೆ ತರಿಸಿ. ಎರಡೂ ಹೊಂದದಿದ್ದರೆ ಪ್ರಶ್ನೆ ತಿದ್ದಿ. ಮನೆಯ ದೊಡ್ಡ ಮಗಳನ್ನೇ ದುಭಾಷಿ ಮಾಡಿಕೊಳ್ಳಬೇಡಿ. ಅಮ್ಮ ಅವಳ ಮುಂದೆ ಹೇಳಲಾರದ್ದು ಎಷ್ಟೋ ಇರುತ್ತದೆ.

ಈಗ ಹುಣಸೆ ಬೀಜ. "ಸಂಪೂರ್ಣ ಒಪ್ಪುತ್ತೇನೆ, ಸ್ವಲ್ಪ ಒಪ್ಪುತ್ತೇನೆ" ಅನ್ನುವ ಐದು ಮೆಟ್ಟಿಲಿನ ಉತ್ತರಗಳನ್ನು 9 ವರ್ಷದ ಮಗುವಿನ ಮುಂದೆ ಇಟ್ಟರೆ ಅದು ಸುಮ್ನೆ ಮೊದಲನೆಯದನ್ನೇ ತೋರಿಸಿಬಿಡಬಹುದು. ಅದರ ಬದಲು ನೆಲದ ಮೇಲೆ ಚಾಕ್‌ಪೀಸಿನಲ್ಲಿ ನಾಲ್ಕು ವೃತ್ತ ಬರೆಯಿರಿ: ಮನೆ, ಪಕ್ಕದ ಮನೆ, ಬೀದಿ, ಟ್ಯೂಷನ್. ಹತ್ತು ಬೀಜ ಕೊಡಿ. "ನಿನ್ನೆ ಸಾಯಂಕಾಲ ಎಲ್ಲಿ ಜಾಸ್ತಿ ಹೊತ್ತು ಇದ್ದೆ, ಅಲ್ಲಿ ಜಾಸ್ತಿ ಬೀಜ ಇಡು." ಇಟ್ಟ ಮೇಲೆ "ಇಲ್ಲಿ ಯಾಕೆ ಇಷ್ಟು?" ಅಂತ ಕೇಳಿ. ಬೀಜ ಬರೀ ನೆಪ. ಮಾತು ಬರುವುದು ಇಟ್ಟಾದ ಮೇಲೆ.

7. ಪೈಲಟ್ ಮಾಡಿ

ಪೈಲಟ್ ಅಂದರೆ ರಿಹರ್ಸಲ್. ನಿಮ್ಮ 30 ಮನೆಗೆ ಸೇರದ ಐದಾರು ಮನೆಗಳಲ್ಲಿ ಪ್ರಶ್ನೆ ಕೇಳಿ ನೋಡಿ. ಒಂದು ಮಗುವಿಗೆ 20 ನಿಮಿಷ ದಾಟಿದರೆ ಪ್ರಶ್ನೆ ಕತ್ತರಿಸಿ. ಪ್ರಿಂಟ್ ತೆಗೆಸುವುದು ಇದಾದ ಮೇಲೆ, ಮೊದಲಲ್ಲ.

8. ಬೀದಿಗೆ ಇಳಿದ ಮೇಲೆ

ಹೊತ್ತು ನೋಡಿಕೊಂಡು ಹೋಗಿ. ಗಾರ್ಮೆಂಟ್ಸ್‌ನವರು ಕೆಲಸದ ದಿನ ಸಂಜೆ ಸುಸ್ತಾಗಿ ಬಂದಿರುತ್ತಾರೆ. ಭಾನುವಾರ ಬೆಳಗ್ಗೆ ವಾರದ ಬಟ್ಟೆಯೆಲ್ಲ ಒಗೆಯುವುದಿರುತ್ತದೆ. ಭಾನುವಾರ ನಾಲ್ಕರ ಮೇಲೆ ಹೋಗಿ. ಮನೆಗೆಲಸಕ್ಕೆ ಹೋಗುವವರು ಮಧ್ಯಾಹ್ನ ಎರಡರ ಮೇಲೆ ಸಿಗುತ್ತಾರೆ. ಕಾವೇರಿ ನೀರು ಬಿಡುವ ಹೊತ್ತಿಗಂತೂ ಯಾರ ಮನೆಗೂ ಹೋಗಬೇಡಿ.

ಬಾಗಿಲಲ್ಲಿ ಮೊದಲು ಬರುವ ಪ್ರಶ್ನೆ: "ಇದ್ರಿಂದ ನಮಗೇನು ಬರುತ್ತೆ?" ನೇರವಾಗಿ ಹೇಳಿ. "ಏನೂ ಬರಲ್ಲ ಅಕ್ಕ. ಇದು ನನ್ನ ಕಾಲೇಜಿನ ಓದು." ಎರಡನೆಯದು ಭಯ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಅಂತ ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರಲ್ಲ, ನೀವೂ ಆ ಕಡೆಯವರೇ ಅಂದುಕೊಳ್ಳಬಹುದು. ಸಂಬಳ ಹೇಳಿದರೆ ಗೃಹಲಕ್ಷ್ಮಿಯ 2000 ರೂಪಾಯಿ ನಿಲ್ಲುತ್ತದೇನೋ, ರೇಷನ್ ಕಾರ್ಡ್ ಹೋಗುತ್ತದೇನೋ ಅನ್ನುವ ಹೆದರಿಕೆ ಇರುತ್ತದೆ. ಐಡಿ ಕಾರ್ಡ್ ತೋರಿಸಿ, ಆಧಾರ್, ರೇಷನ್ ಕಾರ್ಡ್ ನಂಬರ್ ಏನೂ ಬೇಡ ಅಂತ ಅವರು ಕೇಳುವ ಮೊದಲೇ ಹೇಳಿ.

ಮಕ್ಕಳು ನಿಮ್ಮನ್ನು "ಮಿಸ್" ಅಂದರೆ ಎಚ್ಚರ ಮಾಡಿಕೊಳ್ಳಿ. ಮಿಸ್‌ಗೆ ಸರಿಯುತ್ತರವನ್ನೇ ಹೇಳಬೇಕು ಅಂತ ಅವರಿಗೆ ಗೊತ್ತು. ಅಕ್ಕ, ಅಣ್ಣ ಅಂತ ಕರೆಸಿಕೊಳ್ಳಿ, ಕುರ್ಚಿ ಕೊಟ್ಟರೂ ನೆಲದ ಮೇಲೆ ಮಗುವಿನ ಪಕ್ಕ ಕೂರಿ. ಅಮ್ಮ ಮಗುವಿನ ಪರವಾಗಿ ಉತ್ತರ ಕೊಡುತ್ತಲೇ ಇರುತ್ತಾರೆ. ತಡೆಯಬೇಡಿ. "ನಿಮ್ಮ ಹತ್ರಾನೂ ಆಮೇಲೆ ಮಾತಾಡ್ತೀನಿ ಅಕ್ಕ" ಅಂದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ (ಇಲ್ಲಿ ಮಾತ್ರ ಆ ಪದ ಬಳಸುವುದಕ್ಕೆ ನನಗೆ ಅನುಮತಿ ಇದೆ). ಮಗುವಿನ ಜೊತೆ ಬಾಗಿಲು ಹಾಕಿದ ರೂಮಿನಲ್ಲಿ ಒಬ್ಬರೇ ಕೂರಲೇಬೇಡಿ. ಎಲ್ಲರಿಗೂ ಕಾಣುವ, ಆದರೆ ಮಾತು ಕೇಳಿಸದ ಜಾಗ ಬೇಕು. ಮನೆ ಮುಂದಿನ ಮೆಟ್ಟಿಲು, ದೇವಸ್ಥಾನದ ಕಟ್ಟೆ ಒಳ್ಳೆಯದು. ಮಕ್ಕಳ ಫೋಟೋ ಬೇಡ. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೂ ಬೀದಿಯವರಿಗೆ ಯಾರು ಅಂತ ಗೊತ್ತಾಗುತ್ತದೆ.

ಕಾಫಿ ಕೊಟ್ಟರೆ ಕುಡಿಯಿರಿ.

9. ಅದೇ ರಾತ್ರಿ ಬರೆಯಿರಿ, ಎರಡು ಕಡೆ ಇಡಿ

ಮಾರನೇ ದಿನಕ್ಕೆ ಅರ್ಧ ಮರೆತಿರುತ್ತೀರಿ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಿರಿ, ನಿಮ್ಮ ಅನಿಸಿಕೆಯನ್ನು ಬೇರೆ ಬಣ್ಣದ ಪೆನ್ನಿನಲ್ಲಿ. ಹೆಸರು, ಫೋನ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ, ಉತ್ತರಗಳು ಇನ್ನೊಂದರಲ್ಲಿ. ಎರಡನ್ನೂ ಸೇರಿಸುವುದು ಮನೆ 1, ಮನೆ 2 ಅನ್ನುವ ಸಂಖ್ಯೆ ಮಾತ್ರ. ರೆಕಾರ್ಡ್ ಮಾಡಿದ್ದರೆ ಬರಹಕ್ಕೆ ಇಳಿಸಲು ಸಿಕ್ಕ ಸಿಕ್ಕ ಫ್ರೀ ಆಪ್‌ಗೆ ಹಾಕಬೇಡಿ, ಆ ಮಗುವಿನ ದನಿ ಎಲ್ಲಿಗೆ ಹೋಗಿ ಕೂರುತ್ತದೋ ನಿಮಗೆ ತಿಳಿಯುವುದಿಲ್ಲ.

ಬ್ಯಾಕಪ್ ಅಂದರೆ ಒಂದೇ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಮತ್ತು ಪೆನ್‌ಡ್ರೈವ್ ಇಡುವುದಲ್ಲ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹಳ್ಳಿಯೊಂದರಲ್ಲಿ ಕೂತು ಮಾಡಿದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಜೋಡಿಸಿ ಮೂರು ಪ್ರತಿ ಮಾಡಿಟ್ಟಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿದಾಗ ಮೂರೂ ಅದೇ ಕೋಣೆಯಲ್ಲಿದ್ದವು.

10. ಲೆಕ್ಕ ಹಾಕುವುದು, ಬರೆಯುವುದು

30 ಮಕ್ಕಳಲ್ಲಿ 6 ಮಂದಿ ಒಬ್ಬರೇ ಇರುತ್ತಾರೆ ಅಂತ ಸಿಕ್ಕಿದರೆ "30ರಲ್ಲಿ 6" ಅಂತಲೇ ಬರೆಯಿರಿ. "ಶೇ. 20ರಷ್ಟು ಮಕ್ಕಳು" ಅಂದ ತಕ್ಷಣ ಓದುವವರಿಗೆ ಇಡೀ ಬೆಂಗಳೂರು ಕಣ್ಣಿಗೆ ಬರುತ್ತದೆ.

ಮಾತಿನ ಉತ್ತರಗಳಿಗೆ ಕೋಡಿಂಗ್ ಮಾಡಬೇಕು. ಹೆಸರು ದೊಡ್ಡದು, ಕೆಲಸ ಬೇಳೆ ಆರಿಸಿದ ಹಾಗೆ. ಎಲ್ಲ ಓದಿ, ಒಂದೇ ಥರದ ಮಾತುಗಳಿಗೆ ಒಂದೇ ಚೀಟಿ ಹಚ್ಚುತ್ತಾ ಹೋಗುವುದು: "ಪಕ್ಕದ ಮನೆ ಆಂಟಿ", "ಬೀಗದ ಕೈ ನನ್ನ ಹತ್ರ", "ತಮ್ಮನನ್ನು ನೋಡ್ಕೋಬೇಕು". ಚೀಟಿಗಳನ್ನು ಮೊದಲೇ ಯೋಚಿಸಿಟ್ಟುಕೊಂಡು ಹೋಗಬೇಡಿ. ಯಾವ ಚೀಟಿಗೂ ಹೊಂದದ ಎರಡು ಮೂರು ಮನೆ ಉಳಿಯುತ್ತವೆ. ಅವನ್ನು ಮುಚ್ಚಿಡದೆ ಬರೆಯಿರಿ, ವೈವಾದಲ್ಲಿ ಒಳ್ಳೆಯ ಪ್ರಶ್ನೆ ಬರುವುದು ಅವುಗಳ ಮೇಲೆಯೇ.

ಹೆಸರು ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. "ಮೂವರು ಹೆಣ್ಣುಮಕ್ಕಳಿರುವ, ಕಾಲಿಗೆ ಪೆಟ್ಟಾಗಿ ಕೆಲಸ ಬಿಟ್ಟ ಟೈಲರ್" ಅಂದರೆ ಆ ಕ್ರಾಸಿನವರಿಗೆಲ್ಲ ಅದು ಯಾರು ಅಂತ ಗೊತ್ತು. ಒಂದೆರಡು ಗುರುತು ಬಿಟ್ಟುಬಿಡಿ.

11. ವಾಪಸ್ ಹೋಗಿ

ಡಿಸರ್ಟೇಶನ್ ಕೊಟ್ಟ ಮೇಲೆ ಆ ಬೀದಿಯ ಕಡೆ ತಲೆ ಹಾಕದವರೇ ಜಾಸ್ತಿ. ಬೈಂಡ್ ಮಾಡಿಸುವ ಮೊದಲೇ ಒಂದು ಪುಟ ಕನ್ನಡದಲ್ಲಿ ಬರೆದುಕೊಂಡು ಹೋಗಿ, ಐದಾರು ಮನೆಯವರನ್ನು ಕೂರಿಸಿಕೊಂಡು ಓದಿ ಹೇಳಿ. ಯಾರ ಮನೆ ಏನು ಹೇಳಿತು ಅನ್ನುವುದು ಅದರಲ್ಲಿ ಇರಬಾರದು. "ಹಂಗಲ್ಲ ಕಣಮ್ಮ, ನಮ್ಮ ಫ್ಯಾಕ್ಟ್ರೀಲಿ ಶನಿವಾರ ಓಟಿ ಇರುತ್ತೆ, ಅವತ್ತು ಮಕ್ಕಳು ಎಂಟು ಗಂಟೆವರೆಗೂ ಬೀದೀಲೇ" ಅಂತ ಯಾರಾದರೂ ತಿದ್ದಿದರೆ ಬರೆದುಕೊಳ್ಳಿ. ನೀವು ಕೇಳಿದ "ನಿನ್ನೆ"ಗಳಲ್ಲಿ ಶನಿವಾರ ಬಂದೇ ಇಲ್ಲ ಅಂತ ಆಗ ಗೊತ್ತಾಗುತ್ತದೆ, ಇನ್ನೊಂದು ವಾರ ಓಡಾಡಿ ಸರಿ ಮಾಡುವುದಕ್ಕೂ ಹೊತ್ತಿರುತ್ತದೆ. ಆ ಪುಟದ ಹತ್ತು ಪ್ರತಿ ಜಾಸ್ತಿ ತೆಗೆಸಿಕೊಂಡು ಹೋಗಿ, ಪಕ್ಕದ ಬೀದಿಯವರೂ ಬಂದು ಕೇಳುತ್ತಾರೆ.